ಡಿಗ್ರಿ ಆಯಿತು, ಈಗ ನಿಮ್ಮ ನಾಲಿಗೆಯ ಪರಿಚಯ ಮಾಡಿಕೊಡಿ

ಪ್ರತಿ ವರ್ಷ ಡಿಗ್ರಿ ಪರೀಕ್ಷೆ ಮುಗಿದು ಮಳೆ ಹಿಡಿಯುವ ಹೊತ್ತಿಗೆ ನನ್ನ ಫೋನಿಗೆ ಒಂದೇ ಥರದ ಬರಹಗಳು ಬರುತ್ತವೆ. ಕೊಡಗಿನ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ ಕಡೆಯ ಹುಡುಗ ಹುಡುಗಿಯರು ಕಳಿಸುತ್ತಾರೆ. ಊಟ ತಿಂಡಿಯ ಬಗ್ಗೆ ಬರೆಯಲು ಶುರು ಮಾಡ್ತಿದ್ದೇವೆ, ಮೊದಲ ಪರಿಚಯ ಬರೆದಿದ್ದೇವೆ, ಸ್ವಲ್ಪ ನೋಡಿ ಅಂತ. ಓದುತ್ತೇನೆ. ಹೆಚ್ಚುಕಡಿಮೆ ಎಲ್ಲವೂ ಹೀಗಿರುತ್ತವೆ:

"ಎಲ್ಲರಿಗೂ ನಮಸ್ಕಾರ. ನಾನು ಬಿ.ಕಾಂ. ಪದವೀಧರೆ. ಅಡುಗೆ ಎಂದರೆ ನನಗೆ ಪ್ರಾಣ. ದಕ್ಷಿಣದ ಕಾಶ್ಮೀರ ಎನಿಸಿದ ಕೊಡಗಿನ ಅದ್ಭುತ ರುಚಿಗಳನ್ನು ನಿಮಗೆ ಪರಿಚಯಿಸುವ ಆಸೆ ನನ್ನದು. ಕೊಡಗು ಎಂದರೆ ಪಂದಿ ಕರಿ, ಕಡಂಬುಟ್ಟು, ಕಾಫಿ."

ಇದರಲ್ಲಿ ತಪ್ಪೇನೂ ಇಲ್ಲ. ಪಂದಿ ಕರಿ ಅಂದರೆ ಹಂದಿ ಮಾಂಸದ ಅಡುಗೆ, ಕಡಂಬುಟ್ಟು ಅಂದರೆ ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿಯ ಉಂಡೆ, ಎರಡೂ ಇಲ್ಲಿ ಹೆಸರಾದವೇ. ಆದರೆ ಬರೆದವಳು ಯಾರು ಅಂತ ನನಗೆ ಗೊತ್ತಾಗಲಿಲ್ಲ. ಬೆಂಗಳೂರಿನಿಂದ ಎರಡು ದಿನಕ್ಕೆ ಬಂದುಹೋದವರೂ ಇಷ್ಟು ಬರೆಯಬಹುದು, ಅಲ್ವಾ?

ಪರಿಚಯಕ್ಕೆ ಒಂದು ಕೆಲಸವಿದೆ. ನಾಳೆ ನೀವು ಒಂದು ಸಾರನ್ನು "ಹುಳಿ ಜಾಸ್ತಿ" ಎಂದು ಬರೆಯುತ್ತೀರಿ. ನಿಮಗೆ ಹುಳಿ ಎಷ್ಟು ಇಷ್ಟ ಅಂತ ಓದುಗರಿಗೆ ಗೊತ್ತಿಲ್ಲದಿದ್ದರೆ ಆ ಮಾತಿಗೆ ಅರ್ಥವೇ ಇಲ್ಲ. ಸಂತೆಯಲ್ಲಿ ತಕ್ಕಡಿ ಎತ್ತುವ ಮೊದಲು ನಾವು ತೂಕದ ಕಲ್ಲು ನೋಡುತ್ತೇವೆ. ಪರಿಚಯ ಅಂದರೆ ಓದುಗರಿಗೆ ಆ ಕಲ್ಲನ್ನು ತೋರಿಸುವುದು. ಹೇಗೆ ತೋರಿಸುವುದು ಅಂತ ನನಗೆ ತಿಳಿದಷ್ಟು ಇಲ್ಲಿ ಬರೆದಿದ್ದೇನೆ. ನನ್ನ ಕಲ್ಲನ್ನೂ ಮೊದಲೇ ತೋರಿಸಿಬಿಡುತ್ತೇನೆ. ನಾನು ಹುಟ್ಟಿದ್ದು ಸೋಮವಾರಪೇಟೆ ಕಡೆ. ಮನೆಯಲ್ಲಿ ರಾತ್ರಿ ಮುದ್ದೆ. ಖಾರ ತಡೆಯುತ್ತೇನೆ, ಸಿಹಿ ಅಷ್ಟಕ್ಕಷ್ಟೆ. ಪಂದಿ ಕರಿಗೆ ಹಾಕುವ ಕಪ್ಪು ಹುಳಿ, ಕಾಚಂಪುಳಿಯ ರುಚಿ ನೋಡಿದ್ದು ಮಡಿಕೇರಿಗೆ ಓದಲು ಬಂದ ಮೇಲೆ.

ಮೊದಲು ಒಂದು ವಾರ ಬರೆಯಬೇಡಿ, ಲೆಕ್ಕ ಇಡಿ

ಪರಿಚಯ ಬರೆಯಲು ಕೂರುವ ಮೊದಲು ಏಳು ದಿನ ತಿಂದದ್ದನ್ನೆಲ್ಲ ಗುರುತು ಹಾಕಿಕೊಳ್ಳಿ. ಬೆಳಿಗ್ಗೆ ಏನು, ಮಧ್ಯಾಹ್ನ ಏನು, ಯಾರು ಮಾಡಿದ್ದು, ಎರಡನೇ ಸಲ ಯಾವುದನ್ನು ಹಾಕಿಸಿಕೊಂಡಿರಿ, ಯಾವುದನ್ನು ತಟ್ಟೆಯ ಅಂಚಿಗೆ ತಳ್ಳಿದಿರಿ. ಇಷ್ಟೇ ಸಾಕು. ಚಂದದ ಮಾತು ಬೇಡ.

ಸಿದ್ದಾಪುರ ಕಡೆಯ ಒಬ್ಬಳು ಹುಡುಗಿ ಇದನ್ನು ಹಳೇ ಚೆಕ್‌ರೋಲ್ ಪುಸ್ತಕದಲ್ಲಿ ಬರೆದಿದ್ದಳು. ಅವಳ ಅಪ್ಪ ಕಾಫಿ ತೋಟದಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಲೆಕ್ಕ ಬರೆಯುವವರು. ಆಳುಗಳ ಹಾಜರಿ ಹಾಕುವ ಕಲಮಿನಲ್ಲಿ ಇವಳು ತಿಂಡಿಯ ಹಾಜರಿ ಹಾಕಿದಳು. ವಾರದ ಕೊನೆಗೆ ನೋಡಿದರೆ ಏಳು ದಿನದಲ್ಲಿ ಪಂದಿ ಕರಿ ಒಂದು ಸಲವೂ ಇಲ್ಲ. ನಾಲ್ಕು ದಿನ ಬೆಳಿಗ್ಗೆ ಅಕ್ಕಿ ರೊಟ್ಟಿ. ಎರಡು ದಿನ ಹಲಸಿನ ಬೀಜದ ಪಲ್ಯ. ಒಂದು ದಿನ ಆಳುಗಳ ಲೈನ್ ಮನೆಯಿಂದ ಬಂದ ಗದ್ದೆ ಏಡಿ ಸಾರು. ಆದರೆ ಅವಳ ಪರಿಚಯದ ಮೊದಲ ಸಾಲು "ಪಂದಿ ಕರಿ ನಮ್ಮ ಉಸಿರು" ಅಂತಿತ್ತು! ಅವಳೇ ನಕ್ಕು ಅದನ್ನು ಹೊಡೆದುಹಾಕಿದಳು.

ಲೆಕ್ಕ ಇಡುವಾಗ ಕಾಫಿಯನ್ನು ಮರೆಯಬೇಡಿ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ನಮ್ಮ ಜಿಲ್ಲೆಯಲ್ಲೇ ಬೆಳೆಯುತ್ತದೆ. ಕೊಡಗಿನ ಅರೇಬಿಕಾ ಜಾತಿಯ ಕಾಫಿಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಕೂಡ ಸಿಕ್ಕಿತು. ಅದೆಲ್ಲ ಸರಿ. ನಿಮ್ಮ ಮನೆಯ ಲೋಟದಲ್ಲಿ ಇರುವುದು ಯಾವುದು? ಬಹಳ ಮನೆಗಳಲ್ಲಿ ಅದು ರೊಬಸ್ಟಾ. ಕಹಿ ಜಾಸ್ತಿ, ಮೈ ಗಟ್ಟಿ, ಕೆಫೀನು ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು. ಚಿಕೋರಿ ಹಾಕುತ್ತೀರಾ? ಬೆಲ್ಲದ ಕಾಫಿಯೋ, ಹಾಲು ಸಕ್ಕರೆಯದೋ? ರೊಬಸ್ಟಾ ಕುಡಿದು ಬೆಳೆದ ನಾಲಿಗೆಗೆ ಪೇಟೆಯ ಕೆಫೆಯ ಅರೇಬಿಕಾ ಹುಳಿಹುಳಿ ನೀರಿನಂತೆ ಅನಿಸುತ್ತದೆ. ಅದನ್ನು ಹಾಗೇ ಬರೆಯಿರಿ. ನಾಚಿಕೆ ಯಾಕೆ?

ಯಾರ ಅಡುಗೆಮನೆ ಅಂತ ಹೇಳಿ

ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಅದಕ್ಕೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

"ಕೊಡಗಿನ ಊಟ" ಅನ್ನುವ ಒಂದೇ ಊಟ ಇಲ್ಲ. ಕೊಡವರ ಮನೆ ಇದೆ, ಅರೆಭಾಷೆ ಗೌಡರ ಮನೆ ಇದೆ, ಅಮ್ಮ ಕೊಡವರು ಅನ್ನುವ ಇನ್ನೊಂದು ಸಮುದಾಯದವರು ಮಾಂಸ ಮುಟ್ಟುವುದಿಲ್ಲ. ಯರವರು, ಜೇನು ಕುರುಬರು ಕಾಡಿನ ಗೆಡ್ಡೆ, ಸೊಪ್ಪು, ಜೇನು ಬಲ್ಲವರು. ಗಡಿಯ ಆಚೆ ಈಚೆ ಮಲಯಾಳ ಮಾತಾಡುವ ಮಾಪಿಳ್ಳೆ ಮುಸ್ಲಿಮರ ಮನೆಗಳಲ್ಲಿ ಅಕ್ಕಿ ಹಿಟ್ಟಿನ ತೆಳು ರೊಟ್ಟಿ, ಪತ್ತಿರಿ ಇದೆ. ಸೋಮವಾರಪೇಟೆ, ಶನಿವಾರಸಂತೆ ಕಡೆ ನಮ್ಮಂಥ ಮುದ್ದೆಯವರು ಇದ್ದಾರೆ. ಕುಶಾಲನಗರದಿಂದ ಹೊಳೆ ದಾಟಿದರೆ ಬೈಲುಕುಪ್ಪೆ, ಅಲ್ಲಿ ಟಿಬೆಟಿನವರ ಮೊಮೊ. ಅದು ಮೈಸೂರು ಜಿಲ್ಲೆ, ನಿಜ. ಆದರೆ ನಮ್ಮ ಕಾಲೇಜು ಹುಡುಗರ ನಾಲಿಗೆಗೆ ಜಿಲ್ಲೆಯ ಗಡಿ ಎಲ್ಲಿ ಗೊತ್ತು?

ಆದ್ದರಿಂದ "ಕೊಡಗಿನಲ್ಲಿ ಹೀಗೆ ಮಾಡುತ್ತಾರೆ" ಎನ್ನುವ ಬದಲು "ನಮ್ಮ ಮನೆಯಲ್ಲಿ ಹೀಗೆ ಮಾಡುತ್ತೇವೆ" ಎಂದು ಬರೆಯಿರಿ. ಮೊದಲನೆಯದಕ್ಕೆ ನೂರು ಜನ ಜಗಳಕ್ಕೆ ಬರುತ್ತಾರೆ. ಎರಡನೆಯದರ ಮೇಲೆ ಯಾರೂ ತಕರಾರು ಮಾಡುವಂತಿಲ್ಲ.

ಬೇರೆಯವರ ಮನೆಯ ಅಡುಗೆ ನಿಮಗೆ ಇಷ್ಟವೇ? ಹಾಗಂತಲೇ ಬರೆಯಿರಿ, ಆದರೆ ಎಲ್ಲಿ ಉಂಡದ್ದು ಎಂದು ಸೇರಿಸಿ. "ಹಾಸ್ಟೆಲಿನ ಗೆಳತಿ ರಜೆಗೆ ಮನೆಗೆ ಕರೆದುಕೊಂಡು ಹೋದಾಗ ಮೊದಲ ಸಲ ನೂಲ್‌ಪುಟ್ಟು (ಒತ್ತು ಶ್ಯಾವಿಗೆ) ತಿಂದೆ, ಒತ್ತುವ ಮರದ ಮೇಲೆ ಇಬ್ಬರು ಜೋತುಬಿದ್ದರೂ ಹಿಟ್ಟು ಇಳಿಯಲಿಲ್ಲ" ಎಂದು ಬರೆದರೆ ನೀವು ಅತಿಥಿ ಎಂದು ಓದುಗರಿಗೆ ತಿಳಿಯುತ್ತದೆ. ಅತಿಥಿಯ ಕಣ್ಣಿಗೂ ಬೆಲೆ ಇದೆ. ಅತಿಥಿಯೇ ಯಜಮಾನನ ಹಾಗೆ ಮಾತಾಡಿದರೆ ಮಾತ್ರ ಕಷ್ಟ.

ಹೆಸರುಗಳ ವಿಚಾರ ಇನ್ನೊಂದು. ಕಡಂಬುಟ್ಟು, ಕಡಂಬಿಟ್ಟು ಎರಡೂ ಬರೆಯುತ್ತಾರೆ. ಸುಗ್ಗಿ ಹಬ್ಬಕ್ಕೆ ಪುತ್ತರಿ ಅನ್ನುತ್ತಾರೆ, ಹುತ್ತರಿ ಅಂತಲೂ ಅನ್ನುತ್ತಾರೆ. ಬಿದಿರಿನ ಮೊಳಕೆ ಒಂದು ಕಡೆ ಬೈಂಬಳೆ, ಇನ್ನೊಂದು ಕಡೆ ಕಣಿಲೆ, ನಮ್ಮ ಕಡೆ ಕಳಲೆ. ನಿಮ್ಮ ಮನೆಯಲ್ಲಿ ಏನನ್ನುತ್ತಾರೋ ಅದನ್ನೇ ಹಿಡಿಯಿರಿ, ಕೊನೆತನಕ ಅದನ್ನೇ ಬರೆಯಿರಿ. ಕೊಡವ ತಕ್ಕ್, ಅಂದರೆ ಕೊಡವರ ಭಾಷೆ, ನಿಮ್ಮ ಮನೆ ಮಾತಾಗಿರದಿದ್ದರೆ, ಆ ಮನೆಯವರೊಬ್ಬರಿಗೆ ಓದಿ ತೋರಿಸಿ. ಐದು ನಿಮಿಷದ ಕೆಲಸ.

ಒಂದೇ ಪದಾರ್ಥ ಹಿಡಿಯಿರಿ

ಪರಿಚಯದಲ್ಲಿ ಹದಿನೈದು ತಿಂಡಿಯ ಹೆಸರು ಪೋಣಿಸಿದರೆ ಹೋಟೆಲಿನ ಬೋರ್ಡು ಆಗುತ್ತದೆ. ಒಂದನ್ನು ಆರಿಸಿ. ಅದನ್ನು ಹತ್ತಿರದಿಂದ ತೋರಿಸಿ.

ಉದಾಹರಣೆಗೆ ಕಾಚಂಪುಳಿ. "ಕಾಚಂಪುಳಿ ಇಲ್ಲದೆ ಪಂದಿ ಕರಿ ಇಲ್ಲ" ಅಂತ ಎಲ್ಲರೂ ಬರೆಯುತ್ತಾರೆ. ಅದು ಏನು ಅಂತ ಬರೆಯುವವರು ಕಡಿಮೆ. ಮಳೆಗಾಲದಲ್ಲಿ ಮರದಿಂದ ಬಿದ್ದ ಹಣ್ಣನ್ನು ಆರಿಸಿ ತಂದು ರಾಶಿ ಹಾಕುತ್ತಾರೆ. ಅದು ಕೊಳೆತು ರಸ ಇಳಿಯುತ್ತದೆ. ಆ ರಸವನ್ನು ಸೌದೆ ಒಲೆಯಲ್ಲಿ ಗಂಟೆಗಟ್ಟಲೆ ಕುದಿಸಿ ಕುದಿಸಿ, ಕಪ್ಪಗೆ ಮಂದ ಆಗುವ ತನಕ ಇಳಿಸುತ್ತಾರೆ. ಬಾಟಲಿಯಲ್ಲಿ ಹಾಕಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಇದೇ ಮರವನ್ನು ಮಲೆನಾಡಿನವರು ಉಪ್ಪಾಗೆ ಅನ್ನುತ್ತಾರೆ, ಕೇರಳದವರು ಇದರ ಹಣ್ಣಿನ ಸಿಪ್ಪೆ ಒಣಗಿಸಿ ಮೀನು ಸಾರಿಗೆ ಹಾಕುತ್ತಾರೆ. ಒಂದೇ ಮರ, ಮೂರು ಅಡುಗೆಮನೆ. ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಓದಿದವರಾದರೆ ಈ ಮರದ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲಿರಿ. ನಿಮ್ಮ ಡಿಗ್ರಿ ಉಪಯೋಗಕ್ಕೆ ಬರುವ ಜಾಗ ಇದು.

ಡಿಗ್ರಿಯ ಮಾತು ಬಂತು, ಅದನ್ನೂ ಮುಗಿಸಿಬಿಡೋಣ. ಅದಕ್ಕೆ ಒಂದು ಸಾಲು ಸಾಕು. ಕಾಲೇಜಿನ ಹೆಸರು, ಅಂಕ, ಯಾವ ಬಹುಮಾನ ಬಂತು ಅನ್ನುವುದು ಊಟದ ಎಲೆಯ ಮೇಲೆ ಬೇಡ. ಆದರೆ ಓದು ನಿಮ್ಮ ನೋಟವನ್ನು ಬದಲಿಸಿದ್ದರೆ ಅದನ್ನು ತನ್ನಿ. ಬಿ.ಕಾಂ. ಮಾಡಿದವರಿಗೆ ಒಂದು ತಟ್ಟೆ ಕಡಂಬುಟ್ಟಿಗೆ ಎಷ್ಟು ಖರ್ಚು ಬೀಳುತ್ತದೆ ಎಂದು ಲೆಕ್ಕ ಹಾಕಲು ಬರುತ್ತದೆ. ರಸಾಯನಶಾಸ್ತ್ರದವರಿಗೆ ಮಸಾಲೆಯನ್ನು ಕಪ್ಪಾಗುವಂತೆ ಹುರಿದರೆ ರುಚಿ ಯಾಕೆ ಬದಲಾಗುತ್ತದೆ ಎಂದು ವಿವರಿಸಲು ಬರುತ್ತದೆ.

ಇಷ್ಟವಿಲ್ಲದ್ದನ್ನು ಬರೆಯಲು ಹೆದರಬೇಡಿ

ಎಲ್ಲವೂ ಇಷ್ಟ ಎನ್ನುವವರನ್ನು ನಾನು ನಂಬುವುದಿಲ್ಲ. ಓದುಗರೂ ನಂಬುವುದಿಲ್ಲ. ಕನಿಷ್ಠ ಎರಡು ವಿಷಯ ನಿಮಗೆ ಯಾಕೆ ಸೇರುವುದಿಲ್ಲ ಅಂತ ಬರೆಯಿರಿ. ಕಾರಣ ಇರಬೇಕು, ಬೈಗುಳ ಇರಬಾರದು. "ಪಾಪುಟ್ಟು (ಹಾಲು ಹಾಕಿ ಬೇಯಿಸಿದ ಅಕ್ಕಿ ತರಿಯ ಪುಟ್ಟು) ನನಗೆ ಸಪ್ಪೆ, ಪಕ್ಕದಲ್ಲಿ ಖಾರದ ಸಾರು ಇಲ್ಲದೆ ಇಳಿಯುವುದಿಲ್ಲ" ಅನ್ನುವುದು ರುಚಿಯ ಮಾತು. "ಅದೇನು ತಿಂತಾರೋ" ಅನ್ನುವುದು ಬೇರೆಯವರ ತಟ್ಟೆಗೆ ಕೈ ಹಾಕಿದಂತೆ. ಹಂದಿ ತಿನ್ನದ ಮನೆಯವರಾದರೆ ಅದನ್ನೂ ಸುಮ್ನೆ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿ. ಕೊಡಗಿನವರಾಗಿ ಹಂದಿ ತಿನ್ನುವುದಿಲ್ಲವಾ ಎಂದು ಕೇಳುವವರು ಇದ್ದೇ ಇರುತ್ತಾರೆ, ಬಿಡಿ. ಕಾವೇರಿ ಸಂಕ್ರಮಣದ ದಿನ ಹಂದಿ ತಿನ್ನುವ ಮನೆಯಲ್ಲೂ ದೋಸೆ, ಕುಂಬಳಕಾಯಿ ಪಲ್ಯವೇ.

ಗೊತ್ತಿಲ್ಲದೆ ಬರೆದರೆ ತೊಂದರೆ ಆಗುವ ನಾಲ್ಕು ಜಾಗ

ಕಳಲೆ. ಹಸಿ ಕಳಲೆಯಲ್ಲಿ ಸೈನೈಡ್ ಹುಟ್ಟಿಸುವ ಅಂಶ ಇದೆ. ಅದಕ್ಕೇ ಹಿರಿಯರು ಹೆಚ್ಚಿ ನೀರಿನಲ್ಲಿ ಹಾಕಿ, ನೀರು ಬದಲಿಸುತ್ತಾ ಎರಡು ಮೂರು ದಿನ ಬಿಟ್ಟು, ಆಮೇಲೆ ಚೆನ್ನಾಗಿ ಬೇಯಿಸುತ್ತಾರೆ. ನಾನು ಶುರುವಿನಲ್ಲಿ "ತೊಳೆದು ಬೇಯಿಸಿ" ಎಂದಷ್ಟೇ ಬರೆದಿದ್ದೆ. ನಮ್ಮ ಮನೆಯಲ್ಲಿ ನೆನೆಸುವುದು ಎಲ್ಲರಿಗೂ ಗೊತ್ತಿರುವ ಸಂಗತಿ, ಬರೆಯಬೇಕು ಅಂತಲೇ ಹೊಳೆಯಲಿಲ್ಲ. ಬಯಲುಸೀಮೆಯಿಂದ ಒಬ್ಬರು ಫೋನ್ ಮಾಡಿ "ಕಹಿ ವಿಷ ಆಗಿದೆಯಲ್ಲಮ್ಮ" ಅಂದಾಗ ಕೈಕಾಲು ತಣ್ಣಗಾಯಿತು. ಪುಣ್ಯಕ್ಕೆ ಒಂದು ತುತ್ತಿಗೇ ಉಗಿದಿದ್ದರು.

ಕಾಡಿನ ಅಣಬೆ. ಗುರುತು ಹಿಡಿಯುವುದು ಹೇಗೆ ಅಂತ ಫೋಟೋ ಹಾಕಿ ಕಲಿಸಲು ಹೋಗಬೇಡಿ. ಗುಡುಗು ಬಂದ ಮೇಲೆ ತೋಟದಲ್ಲಿ ಏಳುವ ಅಣಬೆಯ ಸಂತೋಷವನ್ನು ಬರೆಯಿರಿ, ಆರಿಸಿದ್ದು ಬಲ್ಲವರು ಎಂದೂ ಬರೆಯಿರಿ.

ಮದ್ದು ಸೊಪ್ಪು. ಕೊಡವರ ಕಕ್ಕಡ ತಿಂಗಳ 18, ಅಂದರೆ ಆಗಸ್ಟ್ 3ರ ಸುಮಾರಿಗೆ, ಈ ಸೊಪ್ಪನ್ನು ಕುದಿಸಿ ಆ ನೇರಳೆ ಬಣ್ಣದ ನೀರಿನಲ್ಲಿ ಪಾಯಸ, ಪುಟ್ಟು ಮಾಡುತ್ತಾರೆ. ಆಟಿ ಸೊಪ್ಪು ಅಂತಲೂ ಕರೆಯುತ್ತಾರೆ. ಆ ದಿನ ಸೊಪ್ಪಿನಲ್ಲಿ 18 ಬಗೆಯ ಔಷಧಿ ಸೇರಿರುತ್ತದೆ ಎನ್ನುವುದು ನಂಬಿಕೆ. "ಎನ್ನುತ್ತಾರೆ" ಎಂದು ಬರೆಯಿರಿ. ಇಂಥ ಕಾಯಿಲೆ ವಾಸಿ ಆಗುತ್ತದೆ ಎಂದು ಬರೆಯಬೇಡಿ. ಮತ್ತೆ, ತಿಂದ ಮೇಲೆ ಮೂತ್ರ ಕೆಂಪಗೆ ಹೋಗುತ್ತದೆ ಅನ್ನುವುದನ್ನು ದಯವಿಟ್ಟು ಮೊದಲೇ ಹೇಳಿ. ಹಾಸ್ಟೆಲಿನಲ್ಲಿ ಮೊದಲ ಸಲ ತಿಂದು ಮಾರನೇ ಬೆಳಿಗ್ಗೆ ನಾನು ಅತ್ತೇಬಿಟ್ಟಿದ್ದೆ. ರೂಮಿನವರು ನಕ್ಕೂ ನಕ್ಕೂ ಸುಸ್ತಾದ ಮೇಲೆ ವಿಷಯ ಹೇಳಿದರು.

ಕಾಡುಹಂದಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಿತ ಪ್ರಾಣಿಗಳ ಪಟ್ಟಿಯಲ್ಲಿ ಅದು ಇದೆ. ತಾತನ ಕಾಲದ ಬೇಟೆಯ ಕಥೆ ಬೇರೆ. ಇವತ್ತು ಪೇಟೆಯಲ್ಲಿ ಸಿಗುವುದು ಸಾಕಿದ ಹಂದಿಯ ಮಾಂಸ. ರುಚಿಗೆ ಗತ್ತು ಕೊಡಲು "ಕಾಡಿನದು" ಎಂದು ಸುಳ್ಳು ಬರೆದರೂ ಅರಣ್ಯ ಇಲಾಖೆಯವರು ನಿಜ ಅಂದುಕೊಂಡು ಬಾಗಿಲಿಗೆ ಬರಬಹುದು.

ಪುಕ್ಕಟೆ ಊಟ

ಪರಿಚಯದಲ್ಲೇ ಒಂದು ಸಾಲು ಹಾಕಿ: ದುಡ್ಡು ಕೊಟ್ಟು ತಿಂದದ್ದು ಯಾವುದು, ಕರೆದು ಕೊಟ್ಟದ್ದು ಯಾವುದು ಎಂದು ಪ್ರತಿ ಸಲ ಹೇಳುತ್ತೇನೆ ಅಂತ. ಇದು ಬರೀ ಮರ್ಯಾದೆಯ ಮಾತಲ್ಲ. ಜಾಹೀರಾತು ಗುಣಮಟ್ಟ ಮಂಡಳಿ 2021ರಲ್ಲಿ ಇದಕ್ಕೆ ನಿಯಮ ಮಾಡಿತು. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ಸೂಚನೆ ಹೊರಡಿಸಿತು. ದುಡ್ಡು ಮಾತ್ರ ಅಲ್ಲ, ಪುಕ್ಕಟೆ ಊಟ, ಪುಕ್ಕಟೆ ರೂಮು, ಉಡುಗೊರೆ ಎಲ್ಲವನ್ನೂ ಓದುಗರ ಕಣ್ಣಿಗೆ ಬೀಳುವಂತೆ ಹೇಳಬೇಕು.

ನಾನು ಕಲಿತದ್ದು ಪೆಟ್ಟು ತಿಂದು. ಒಂದು ಹೋಂಸ್ಟೇ, ಹೆಸರು ಬೇಡ. ಎರಡು ದಿನ ಇರಿಸಿಕೊಂಡು ಉಪಚಾರ ಮಾಡಿದರು. ಕೋಳಿ ಸಾರಿಗೆ ಉಪ್ಪು ಜಾಸ್ತಿ ಆಗಿತ್ತು. "ಮನೆಯ ರುಚಿ" ಎಂದು ಬರೆದೆ. ವಾರದ ಮೇಲೆ ನಮ್ಮ ಪಕ್ಕದ ತೋಟದ ಆಂಟಿ ನೆಂಟರನ್ನು ಅಲ್ಲಿಗೇ ಕರೆದುಕೊಂಡು ಹೋಗಿಬಂದು, "ನಿಮ್ಮ ಮನೆಯಲ್ಲಿ ಅಷ್ಟು ಉಪ್ಪು ತಿಂತೀರಾ?" ಅಂತ ಕೇಳಿದರು. ಅವರು ಕೋಪದಿಂದ ಕೇಳಿದ್ದಲ್ಲ, ನಿಜವಾಗಿ ಕಾಳಜಿಯಿಂದ ಕೇಳಿದ್ದು. ಅದೇ ಜಾಸ್ತಿ ಚುಚ್ಚಿತು.

ಬರೆಯುವ ಜೊತೆಗೆ ಉಪ್ಪಿನಕಾಯಿ, ಮನೆ ಚಾಕೊಲೇಟು ಮಾರುವ ಯೋಚನೆ ಇದ್ದರೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮೊದಲು ಮಾಡಿಸಿ. ಮಾರುವವರು ನೀವೇ ಎಂಬುದನ್ನು ಪರಿಚಯದಲ್ಲಿ ಮುಚ್ಚಿಡಬೇಡಿ.

ಫೋಟೋ

ಒಂದು ಸಾಕು. ಪಂದಿ ಕರಿ ಕಪ್ಪು, ನಮ್ಮ ಅಡುಗೆಮನೆಗಳೂ ಕಪ್ಪು, ಜುಲೈ ತಿಂಗಳ ಆಕಾಶ ಅದಕ್ಕಿಂತ ಕಪ್ಪು. ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಇದ್ದಿಲಿನಂತೆ ಕಾಣುತ್ತದೆ. ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಕಿಟಕಿ ಪಕ್ಕ ಇಡಿ, ಬಾಳೆ ಎಲೆ ಇಲ್ಲವೇ ಬಿಳಿ ತಟ್ಟೆ ಬಳಸಿ, ಪಕ್ಕದಲ್ಲಿ ಎರಡು ಕಡಂಬುಟ್ಟು ಇದ್ದರೆ ಬೆಳಕು ಅದರ ಮೇಲೆ ಕೂರುತ್ತದೆ. ನಿಮ್ಮ ಮುಖದ ಫೋಟೋ ಬೇಕೇ ಬೇಕು ಅಂತಿಲ್ಲ. ಅಡುಗೆ ಮಾಡುವ ಕೈಯ ಫೋಟೋ ಹಾಕುವುದಾದರೆ ಆ ಕೈಯವರನ್ನು ಕೇಳಿ.

ಈಗ ಬರೆಯಿರಿ

250ರಿಂದ 300 ಪದ. ಮೊದಲ ಸಾಲಿನಲ್ಲೇ ಜಾಗ ಮತ್ತು ಮನೆ. ಆಮೇಲೆ ನಾಲಿಗೆಯ ಲೆಕ್ಕ: ಹುಳಿ, ಖಾರ, ಸಿಹಿ, ಉಪ್ಪು. ಆಮೇಲೆ ಆ ಒಂದು ಪದಾರ್ಥ. ನಡುವೆ ಎಲ್ಲೋ ಡಿಗ್ರಿ. ಸೇರದ ಎರಡು ವಿಷಯ. ಪುಕ್ಕಟೆ ಊಟದ ಸಾಲು. ಇದೇ ಕ್ರಮ ಅಂತಿಲ್ಲ, ಮಾತು ಎಲ್ಲಿಂದ ಬರುತ್ತದೋ ಅಲ್ಲಿಂದ ಶುರು ಮಾಡಿ. ಸಿದ್ದಾಪುರದ ಹುಡುಗಿ ಚೆಕ್‌ರೋಲ್ ನೋಡಿ ಮತ್ತೆ ಬರೆದದ್ದರ ಒಂದು ಭಾಗ ಹೀಗಿತ್ತು. ಅವಳು ಒಪ್ಪಿದ್ದಕ್ಕೆ ಇಲ್ಲಿ ಕೊಡುತ್ತಿದ್ದೇನೆ:

"ನಮ್ಮ ಅಪ್ಪ ಕಾಫಿ ತೋಟದಲ್ಲಿ ರೈಟರ್. ನಾನೂ ಈಗ ರೈಟರ್ ಆಗಬೇಕು ಅಂತಿದ್ದೇನೆ, ಆದರೆ ಅಕ್ಕಿ ರೊಟ್ಟಿಯದ್ದು. ನಮ್ಮ ಮನೆಯಲ್ಲಿ ಹಿಂದಿನ ದಿನದ ಅನ್ನ ಉಳಿದರೆ ಅಮ್ಮ ಅದನ್ನು ನುಣ್ಣಗೆ ಮಿದಿದು ಅಕ್ಕಿ ಹಿಟ್ಟು ಸೇರಿಸಿ ರೊಟ್ಟಿ ಮಾಡುತ್ತಾರೆ. ಹೆಂಚಿನ ಮೇಲೆ ಅರ್ಧ, ಕೆಂಡದ ಮೇಲೆ ಅರ್ಧ. ಉಬ್ಬದ ರೊಟ್ಟಿ ನನ್ನ ಪಾಲು, ಯಾಕೆಂದರೆ ನಾನು ಕೊನೆಗೆ ಏಳುತ್ತೇನೆ. ಜೊತೆಗೆ ಎಳ್ಳು ಚಟ್ನಿ. ಖಾರಕ್ಕೆ ಗಾಂಧಾರಿ ಮೆಣಸು ಎರಡು ಹಾಕಿದರೆ ನನಗೆ ಸರಿ, ಮೂರಾದರೆ ಕಣ್ಣೀರು. ನಾನು ಖಾರ ಅಂದರೆ ನೀವು ಆ ಲೆಕ್ಕದಲ್ಲಿ ತಿಳಿಯಿರಿ. ಬಿ.ಕಾಂ. ಮುಗಿದಿದೆ, ಕೆಲಸ ಹುಡುಕುತ್ತಿದ್ದೇನೆ. ಪಂದಿ ಕರಿ ನಮ್ಮ ಮನೆಯಲ್ಲಿ ಹಬ್ಬಕ್ಕೆ ಮಾತ್ರ. ಹಾಗಾಗಿ ಅದರ ಬಗ್ಗೆ ನಾನು ಬರೆಯುವುದು ವರ್ಷಕ್ಕೆ ಎರಡು ಸಲ."

ಶುರುವಿನಲ್ಲಿ ಕೊಟ್ಟ ಆ ಪರಿಚಯದಲ್ಲಿ ದಕ್ಷಿಣದ ಕಾಶ್ಮೀರ ಇತ್ತು. ಇದರಲ್ಲಿ ಎರಡು ಗಾಂಧಾರಿ ಮೆಣಸು ಇದೆ.

ಬರೆದಾದ ಮೇಲೆ ಯಾರಿಗೂ ಕಳಿಸುವ ಮೊದಲು ಅಡುಗೆಮನೆಗೆ ಹೋಗಿ, ಒಲೆ ಮುಂದೆ ಇರುವವರಿಗೆ ಜೋರಾಗಿ ಓದಿ ಹೇಳಿ. ನಾಲಿಗೆ ತಡವರಿಸಿದ ಸಾಲನ್ನು ತಿದ್ದಿ. ಅವರ ಹೆಸರು, ಅವರ ಕೈಯಳತೆ ಬರೆಯಲು ಒಪ್ಪಿಗೆ ಇದೆಯಾ ಅಂತ ಆಗಲೇ ಕೇಳಿ. ಕೆಲವರು ಸಂತೋಷಪಡುತ್ತಾರೆ. ಕೆಲವರು ಮಸಾಲೆಯ ಲೆಕ್ಕ ಮನೆಯಿಂದಾಚೆ ಹೋಗುವುದು ಬೇಡ ಅನ್ನುತ್ತಾರೆ. ಬೇಡ ಅಂದರೆ ಬೇಡ.

ಸಿದ್ದಾಪುರದ ಹುಡುಗಿ ಓದಿ ಹೇಳಿದಾಗ ಅವಳ ಅಮ್ಮ ರೊಟ್ಟಿ ತಿರುಗಿಸುತ್ತಲೇ ಕೇಳಿಸಿಕೊಂಡರಂತೆ. ಮುಗಿದ ಮೇಲೆ ಒಂದೇ ಮಾತು: "ಅನ್ನ ಬಿಸಿ ಮಾಡಿಕೊಂಡು ಮಿದಿಯಬೇಕು ಅಂತ ಬರೆದೇ ಇಲ್ಲವಲ್ಲ. ತಣ್ಣಗಿನ ಅನ್ನ ಹಾಕಿದರೆ ಗಂಟು ಉಳಿಯುತ್ತೆ, ರೊಟ್ಟಿ ಹರಿಯುತ್ತೆ." ಅವಳು ಅಲ್ಲೇ ನಿಂತು ಆ ಸಾಲು ಸೇರಿಸಿದಳು. ಆಮೇಲೆ ಕಳಿಸಿದಳು.